ಉಗುಳುವ ಲೋಟ

ಬಾಯಲ್ಲಿದ್ದದ್ದು ಗಂಟಲಿಳಿದು ಹೋಗಿದೆ ಎಂದು ಅವಳಿಗೆ ಗೊತ್ತಾದದ್ದು ಮೇಲ್ವಿಚಾರಕಿ ಕಿಂಡಿ ಮುಚ್ಚಿಕೊಂಡು ಹೋದ ಮೇಲೆ. ಅಷ್ಟರಲ್ಲಿ "ಇಲ್ಲ ಮೇಡಂ" ಎಂದು ಉತ್ತರ ಕೊಟ್ಟೂ ಆಗಿತ್ತು. ಕೇಳಿದ ಪ್ರಶ್ನೆಯೇನೂ ದೊಡ್ಡದಲ್ಲ: "ನನ್ನ ಕನ್ನಡಕ ಇಲ್ಲೆಲ್ಲಾದ್ರೂ ಬಿಟ್ಟಿದೀನೇನಮ್ಮಾ?" ಕನ್ನಡಕ ಅವರ ನೆತ್ತಿಯ ಮೇಲೇ ಇತ್ತು. ಅದನ್ನು ಹೇಳುವ ಧೈರ್ಯವೂ ಅವಳಿಗಾಗಲಿಲ್ಲ. ಬಾಯಿ ತುಂಬ ಹಾಲಿತ್ತು, ಎಡಗೈಯಲ್ಲಿ ಉಗುಳುವ ಲೋಟವಿತ್ತು. ಇನ್ನೊಂದು ಕ್ಷಣ ಸಿಕ್ಕಿದ್ದರೆ ದಿನಾ ಮಾಡುವಂತೆ ಮೂಗಿನಿಂದ ಉಸಿರು ಬಿಟ್ಟು, ಲೋಟಕ್ಕೆ ಉಗುಳಿ, ಬೆಚ್ಚಗಿನ ನೀರಿನಲ್ಲಿ ಬಾಯಿ ಮುಕ್ಕಳಿಸಿಬಿಡುತ್ತಿದ್ದಳು. ಆದರೆ ದೊಡ್ಡವರು ಮುಖಕ್ಕೆ ಮುಖ ಕೊಟ್ಟು ಮಾತಾಡಿಸುವಾಗ ಅವರೆದುರೇ ಉಗುಳುವುದು ಹೇಗೆ? ಇಷ್ಟನ್ನೂ ಅವಳು ಆಗ ಯೋಚಿಸಿದ್ದಲ್ಲ. ನುಂಗಿದಳು, ಉತ್ತರ ಕೊಟ್ಟಳು, ಕಿಂಡಿ ಮುಚ್ಚಿತು. ಒಂದು ವರ್ಷದಿಂದ ಒಂದು ಹನಿಯನ್ನೂ ಒಳಗೆ ಬಿಟ್ಟುಕೊಳ್ಳದೆ ಕಾಯ್ದುಕೊಂಡು ಬಂದದ್ದು ಹೀಗೆ ಮರ್ಯಾದೆಗೆ ಬಿದ್ದು ಹೋಗಿಬಿಟ್ಟಿತು.

ಗೂಡಿನೊಳಗೆ ಕೆಂಪು ದೀಪ ಉರಿಯುತ್ತಿತ್ತು. ಬಣ್ಣ ಕಂಡು ನಾಲಿಗೆ ಮೋಸಹೋಗಬಾರದೆಂದು ಹಾಲಿನ ಕಾರ್ಖಾನೆಯ ಈ ರುಚಿ ನೋಡುವ ಕೋಣೆಯಲ್ಲಿ ಹಗಲಿಡೀ ಕೆಂಪು ದೀಪವೇ. ಸಾಲಾಗಿ ಪುಟ್ಟ ಗೂಡುಗಳು, ನಡುವೆ ಹಲಗೆಯ ಗೋಡೆ, ಎದುರಿಗೆ ತಟ್ಟೆಯಗಲದ ಕಿಂಡಿ. ಕಿಂಡಿಯಿಂದ ಒಂದೊಂದೇ ಬಟ್ಟಲು ಬರುತ್ತದೆ: ಬೆಳಿಗ್ಗೆ ಟ್ಯಾಂಕರಿನಲ್ಲಿ ಬಂದ ಹಾಲು, ನಿನ್ನೆಯ ಮೊಸರು, ಅಂಗಡಿಗೆ ಹೋಗಬೇಕಾದ ಬೆಣ್ಣೆ. ಬಾಯಿಗೆ ಹಾಕಿಕೊಂಡು, ನಾಲಿಗೆಯ ಮೇಲೆ ಉರುಳಿಸಿ, ಉಗುಳಿ, ಅಂಕ ಬರೆದು ಹಿಂದಕ್ಕೆ ಕೊಡಬೇಕು. ಯಾರೂ ನುಂಗುವುದಿಲ್ಲ, ನುಂಗಿದರೆ ಹೊಟ್ಟೆ ತುಂಬಿ ನಾಲಿಗೆ ಮಂಕಾಗುತ್ತದೆ. ಹಾಗಾಗಿ ಹಾಲು ಬಿಟ್ಟ ಮೇಲೂ ಅವಳಿಗೆ ಈ ಕೆಲಸ ಬಿಡಬೇಕಾಗಿ ಬಂದಿರಲಿಲ್ಲ. ಉಗುಳಿದ್ದು ತಿಂದ ಲೆಕ್ಕವಲ್ಲ ಎಂದು ತನಗೆ ತಾನೇ ಒಂದು ಕಾನೂನು ಮಾಡಿಕೊಂಡಿದ್ದಳು. ದಿನಚರಿಯಲ್ಲಿ ಬರೆಯುವಾಗ ಆ ವಾಕ್ಯ ನೆಟ್ಟಗೆ ನಿಂತಿತ್ತು. ಈಗ ಲೋಟದ ಒಣ ತಳವನ್ನು ನೋಡುತ್ತ ಕೂತವಳಿಗೆ, ತಾನು ಇಷ್ಟು ದಿನ ಹೊಸ್ತಿಲ ಮೇಲೆ ನಿಂತುಕೊಂಡು ಒಳಗೆ ಬಂದಿಲ್ಲ, ಒಳಗೆ ಬಂದಿಲ್ಲ ಎಂದು ವಾದಿಸುತ್ತಿದ್ದಂತೆ ಕಂಡಿತು. ನುಂಗಿದ್ದನ್ನಾದರೂ ಕ್ಷಮಿಸಿಕೊಳ್ಳಬಹುದಿತ್ತು. ಆದರೆ ಅದು ಚೆನ್ನಾಗಿತ್ತು. ಉಗುರುಬೆಚ್ಚಗೆ ಇಳಿದುಹೋಗಿ ಎದೆಯ ನಡುವೆ ಎಲ್ಲೋ ಕೂತು, ಬಹಳ ದಿನದ ಮೇಲೆ ಮನೆಗೆ ಬಂದ ನೆಂಟನಂತೆ ಕಾಲು ಚಾಚಿತ್ತು.

ಸಂಜೆ ಅವಳು ಮಾತಾಡಬೇಕಿತ್ತು. ಮಾಂಸ, ಮೊಟ್ಟೆ, ಹಾಲು, ಜೇನು ಎಲ್ಲ ಬಿಟ್ಟ ಕೆಲವರ ಓದಿನ ಬಳಗವೊಂದು ನಿವೃತ್ತ ಲೆಕ್ಕದ ಮೇಷ್ಟರೊಬ್ಬರ ಮನೆಯ ನಡುಮನೆಯಲ್ಲಿ ಸೇರುತ್ತಿತ್ತು. ಇವತ್ತು ಅದರ ವಾರ್ಷಿಕೋತ್ಸವ. ಹೋದ ವರ್ಷ ಇದೇ ದಿನ ಮೊದಲ ಸಲ ಹೋಗಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಬಂದವಳು, ಈ ಸಲ ಎಲ್ಲರೆದುರು ನಿಂತು ತಾನು ಹೇಗೆ ಬದಲಾದೆ ಎಂದು ಹೇಳಬೇಕು. ಅಲ್ಲಿ ಯಾರಿಗೂ ಅವಳ ಕೆಲಸ ಗೊತ್ತಿಲ್ಲ. ಪ್ರಯೋಗಾಲಯದಲ್ಲಿದ್ದೇನೆ ಎಂದಷ್ಟೇ ಹೇಳಿದ್ದಳು, ಅದು ಪೂರ್ತಿ ಸುಳ್ಳೂ ಅಲ್ಲ. ಮಾತು ಬಾರದವರ ಅಭ್ಯಾಸದಂತೆ ಅವಳು ಭಾಷಣವನ್ನು ಬರೆದು ಬಾಯಿಪಾಠ ಮಾಡಿದ್ದಳು. ಮೊದಲ ವಾಕ್ಯ, "ಒಂದು ವರ್ಷ, ಒಂದು ಹನಿಯೂ ಇಲ್ಲ." ಅದರ ಮೇಲೇ ಉಳಿದದ್ದೆಲ್ಲ ನಿಂತಿತ್ತು. ಕನ್ನಡಿಯ ಮುಂದೆ ಹೇಳಿಕೊಂಡಾಗ ತನ್ನ ದನಿ ತನಗೇ ಹಿಡಿಸಿದ ಅಪರೂಪದ ವಾಕ್ಯ ಅದು.

ಪಕ್ಕದ ಗೂಡಿನ ಹಲಗೆ ಟಕಟಕ ಎಂದಿತು. ಆ ಗೂಡಿನ ಹಿರಿಯರನ್ನು ಎಲ್ಲರೂ ಯಜಮಾನರು ಎನ್ನುತ್ತಿದ್ದರು. ಕಾರ್ಖಾನೆ ಶುರುವಾದಾಗಿನಿಂದ ಉಗುಳುತ್ತಲೇ ಬಂದವರು. "ಏನಮ್ಮಾ ನಾಲಿಗೆ, ಸದ್ದೇ ಇಲ್ಲ? ಉಗುಳೋ ಸದ್ದಾದ್ರೂ ಮಾಡು, ಇದ್ದೀಯ ಅಂತ ಗೊತ್ತಾಗ್ಲಿ." ಅವಳಿಗೆ ನಾಲಿಗೆ ಎಂದು ಅಡ್ಡಹೆಸರಿಟ್ಟವರೂ ಅವರೇ. ವರ್ಷದಲ್ಲಿ ಹತ್ತು ಮಾತಾಡದ ಹುಡುಗಿಗೆ ಆ ಹೆಸರು ಎಂದು ಕ್ಯಾಂಟೀನಿನಲ್ಲಿ ನಗು. ಆದರೆ ಹಾಲು ಬಿಟ್ಟ ಮೇಲೆ ಅವಳ ನಾಲಿಗೆ ನಿಜಕ್ಕೂ ಬೇರೆಯಾಗಿತ್ತು. ಮುಂಚೆ ಹಾಲೆಂದರೆ ಬರೀ ಹಾಲು, ನೀರಿನ ಹಾಗೆ, ಗಮನಿಸದೆ ಕುಡಿದು ಬೆಳೆದ ವಸ್ತು. ಈಗ ಒಂದು ಗುಟುಕು ಬಾಯಿಗೆ ಹಾಕಿದರೆ ಒಣಹುಲ್ಲು ಯಾವುದು, ಹಸಿ ಮೇವು ಯಾವುದು, ಕೊಟ್ಟಿಗೆಯ ನೆಲ ತೊಳೆದಿದ್ದಾರೋ ಇಲ್ಲವೋ, ಕೆಚ್ಚಲು ಬಾತ ಹಸುವಿನ ಉಪ್ಪು ಎಷ್ಟು ಬೆರೆತಿದೆ, ಎಲ್ಲ ಬಾಯಲ್ಲೇ ಬಿಡಿಬಿಡಿಯಾಗಿ ನಿಲ್ಲುತ್ತಿತ್ತು. ಅವಳು ಕಮ್ಮಿ ಅಂಕ ಕೊಟ್ಟ ಟ್ಯಾಂಕರನ್ನು ಯಂತ್ರದಲ್ಲಿ ಪರೀಕ್ಷಿಸಿದರೆ ಅವಳು ಹೇಳಿದ್ದೇ ಸರಿಯಾಗಿರುತ್ತಿತ್ತು. "ದಿನೇದಿನೇ ಚುರುಕಾಗ್ತಿದೀಯ, ಏನು ತಿಂತೀಯಮ್ಮಾ ಮನೇಲಿ?" ಎಂದು ಮೇಲ್ವಿಚಾರಕಿ ಎಲ್ಲರೆದುರು ಕೇಳಿದಾಗ ಅವಳು ನಕ್ಕಿದ್ದಳು. ಹೊಗಳಿಕೆ ಒಳಗೊಳಗೇ ಸಿಹಿಯಾಗಿತ್ತು. ಅವಳ ವ್ರತದಿಂದ ಅತ್ಯಂತ ಲಾಭವಾದದ್ದು ಹಾಲಿನ ಕಾರ್ಖಾನೆಗೆ; ಇದನ್ನು ಅವಳು ದಿನಚರಿಯಲ್ಲಿ ಬರೆದಿರಲಿಲ್ಲ.

ಅಮ್ಮನಿಗೆ ಮಾತ್ರ ಇದು ಮೊದಲ ದಿನವೇ ಹೊಳೆದಿತ್ತು. "ಹೊರಗೆ ಬಾಯಿ ತುಂಬ ಹಾಲು, ಮನೆಗೆ ಬಂದ್ರೆ ಹಾಲು ಪಾಪ. ಸಂಬಳ ಒಂದು ಪಾಪ ಅಲ್ಲ, ಅಲ್ವೇನೇ?" ಒಲೆಯ ಎಡಗಡೆ ಅಮ್ಮನ ಪಾತ್ರೆ, ಬಲಗಡೆ ಅವಳದು, ನಡುವೆ ಗಡಿ ಎಂಬಂತೆ ಒಂದು ಒರೆಸುವ ಬಟ್ಟೆ. ಬಲಗಡೆಯಲ್ಲಿ ಕಾಳು ಬೇಯುತ್ತದೆ, ಎಡಗಡೆಯಲ್ಲಿ ಹಾಲು ಉಕ್ಕುತ್ತದೆ. ಒಮ್ಮೆ ಅಮ್ಮ ಸ್ನಾನಕ್ಕೆ ಹೋಗಿದ್ದಾಗ ಹಾಲು ಉಕ್ಕಿತು. ಅವಳು ಎದುರಿಗೇ ನಿಂತು ನೋಡುತ್ತ ಇದ್ದಳು. ತಾನು ಯಾಕೆ ಮುಟ್ಟಬೇಕು ಎಂಬ ಛಲವೋ, ಉಕ್ಕುವುದನ್ನು ನೋಡುವ ಸುಖವೋ, ಒಲೆ ನೊರೆಯಲ್ಲಿ ಮುಳುಗಿ ಆರಿಹೋಗುವ ತನಕ ಕೈ ಮುಂದಾಗಲಿಲ್ಲ. ಅಮ್ಮ ಒದ್ದೆ ತಲೆಯಲ್ಲಿ ಬಂದವಳು ಬೈಯಲಿಲ್ಲ. ಬಗ್ಗಿ ಒರೆಸುತ್ತ, "ಹಸೂಗೆ ಅಷ್ಟು ಮರುಗ್ತೀಯ, ಒರೆಸೋಳು ಯಾರು ಅಂತ ಒಂದ್ಸಲ ತಿರುಗಿ ನೋಡೇ ತಾಯಿ" ಎಂದಳು. ಆ ಮಾತಿಗೆ ಅವಳು ಆಡಬೇಕಾಗಿದ್ದ ಉತ್ತರ ಮರುದಿನ ಬಸ್ಸಿನಲ್ಲಿ ಹೊಳೆಯಿತು. ಅವಳ ಉತ್ತರಗಳೆಲ್ಲ ಬಸ್ಸಿನಲ್ಲೇ ಹೊಳೆಯುವುದು.

ಬಸ್ಸಿನಲ್ಲೇ ಆ ಪುಸ್ತಕವನ್ನೂ ಓದಿದ್ದಳು, ಮೇಷ್ಟರ ಕಪಾಟಿನದು. ಅದರಲ್ಲೊಂದು ಚಿತ್ರ: ಕರುವಿನ ಮೂಗಿಗೆ ಹಾಕಿದ ಬಳೆ, ಬಳೆಯ ಸುತ್ತ ಹೊರಮುಖವಾಗಿ ಮುಳ್ಳು. ಕರು ಹಾಲಿಗೆಂದು ಮೂತಿ ಚಾಚಿದರೆ ಮುಳ್ಳು ಕೆಚ್ಚಲಿಗೆ ಚುಚ್ಚುತ್ತದೆ, ತಾಯಿಯೇ ಒದ್ದು ಓಡಿಸುತ್ತಾಳೆ. ಬೇರೆ ಯಾರೂ ಏನೂ ಮಾಡಬೇಕಾಗಿಲ್ಲ. ಅವಳು ಎರಡು ನಿಲ್ದಾಣ ಆಚೆ ಹೋಗಿ ಇಳಿದಿದ್ದಳು. ಈ ಚಿತ್ರವನ್ನು ಎಲ್ಲರೂ ನೋಡಬೇಕು ಅನ್ನಿಸಿತು. ಆದರೆ ನೋಡಿ ಎಂದು ಯಾರಿಗೂ ಹೇಳಲಾರಳು. ಕೊನೆಗೆ ಅಂಗಡಿಯಲ್ಲಿ ಅದರದೇ ಇನ್ನೊಂದು ಪ್ರತಿ ಕೊಂಡು, ಆ ಪುಟಕ್ಕೆ ಬಸ್ ಟಿಕೆಟ್ ಸಿಕ್ಕಿಸಿ, ಸೀಟಿನ ಮೇಲೆ ಮರೆತವಳಂತೆ ಬಿಟ್ಟು ಇಳಿದಳು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಹಿಂದಿನಿಂದ ದಪ್ಪ ಹೆಂಗಸೊಬ್ಬಳು ಏದುಸಿರು ಬಿಡುತ್ತ ಓಡಿಬಂದಳು. "ಏ ಅಮ್ಮಯ್ಯ, ನಿನ್ನ ಪುಸ್ತಕ! ನಿಂಗೆ ಅಂತ ನನ್ನ ಬಸ್ಸೇ ಹೋಯ್ತು ನೋಡು!" ಅವಳು ಥ್ಯಾಂಕ್ಸ್ ಹೇಳಿ ಪುಸ್ತಕ ತೆಗೆದುಕೊಂಡಳು. ಓದಿ ಎಂದು ಕೊಡಬಹುದಿತ್ತು. ಆ ಹೆಂಗಸು ಮುಂದಿನ ಬಸ್ಸಿಗೆ ಕಾಯುತ್ತ ನಿಂತಿದ್ದಷ್ಟು ಹೊತ್ತೂ ಅವಳು ಸ್ವಲ್ಪ ದೂರದಲ್ಲಿ ಪುಸ್ತಕವನ್ನು ಎದೆಗವಚಿಕೊಂಡು ನಿಂತಿದ್ದಳು. ಅವಳ ಪ್ರಚಾರಕಾರ್ಯ ಅಂದರೆ ಇಷ್ಟೇ.

ಮತ್ತೊಂದು ಬಟ್ಟಲು ಬಂತು. ಬೆಣ್ಣೆ, ಹಳದಿ ಪೊಟ್ಟಣದ್ದು, ಹೋದ ತಿಂಗಳು ಅವಳೇ ಕಮ್ಮಿ ಅಂಕ ಕೊಟ್ಟಿದ್ದ ಬ್ಯಾಚಿನಿಂದ ಮತ್ತೊಮ್ಮೆ ಪರೀಕ್ಷೆಗೆಂದು ಕಳಿಸಿದ್ದು. ಆಮೇಲೂ ಅದು ಅಂಗಡಿಗೆ ಹೋಗಿದೆ ಎಂದು ಅವಳಿಗೆ ಗೊತ್ತಿತ್ತು. ಬಾಯಿಗೆ ಹಾಕಿದಳು: ಮೊದಲು ಕೊಬ್ಬು, ಆಮೇಲೆ ತೆಳು ಹುಳಿ, ಕೊನೆಗೆ ಹಳೇ ನಾಣ್ಯ ನೆಕ್ಕಿದಂಥ ಒಗರು. ಉಗುಳಿದಳು. ಬೇಕೆಂದೇ ಗಟ್ಟಿಯಾಗಿ ಉಗುಳಿದಳು. "ಹಾಂ, ಇದ್ದಾಳೆ!" ಎಂದರು ಪಕ್ಕದಿಂದ ಯಜಮಾನರು.

ಮೇಷ್ಟರ ಮನೆಗೆ ಅವಳು ಹೋದಾಗ ಇನ್ನೂ ಬೆಳಕಿತ್ತು. ದಾರಿಯುದ್ದಕ್ಕೂ ಮೊದಲ ವಾಕ್ಯವನ್ನು ರಿಪೇರಿ ಮಾಡಲು ನೋಡಿದ್ದಳು. ಒಂದು ವರ್ಷ, ಒಂದೇ ಹನಿ. ಬೇಡ, ಕಳ್ಳ ಪ್ರಾಮಾಣಿಕತೆ. ಸುಮಾರು ಒಂದು ವರ್ಷ. ಬೇಡ. ಏನೂ ಆಗಿಲ್ಲವೆಂದುಕೊಂಡು ಬರೆದದ್ದನ್ನೇ ಹೇಳಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಗಂಟಲಿಗೆ ಸಾಕ್ಷಿಯಿಲ್ಲ. ನಡುಮನೆಯಲ್ಲಿ ಕುರ್ಚಿಗಳು ಅರ್ಧಚಂದ್ರಾಕಾರದಲ್ಲಿದ್ದವು. ಮೇಷ್ಟರು ಅಲ್ಲಲ್ಲಿ ಬಗ್ಗಿ ಒಂದೊಂದನ್ನೂ ಚೂರು ಜರುಗಿಸಿ ಚಾಪವನ್ನು ಸರಿಪಡಿಸುತ್ತಿದ್ದರು. "ಬಂದ್ಯಾ ಮಗಳೇ! ನೋಡ್ರಪ್ಪ, ನಮ್ಮ ಇವತ್ತಿನ ಮುಖ್ಯ ಅತಿಥಿ. ಹೋದ ವರ್ಷ ಆ ಬಾಗಿಲ ಹತ್ರ ಕೂತಿದ್ಲು, ಬೆಂಕಿ ಬಿದ್ರೆ ಮೊದಲು ಓಡೋಕೆ ಅನುಕೂಲ ಅಂತ." ಎಲ್ಲರೂ ನಕ್ಕರು. ಅವಳೂ ನಕ್ಕಳು. ಎಷ್ಟು ಒಳ್ಳೆಯ ಜನ. ಒಬ್ಬ ದರ್ಜಿ, ಒಬ್ಬ ದಾದಿ, ಒಂದು ಜೋಡಿ ಗಂಡಹೆಂಡತಿ, ಕಾಲೇಜಿನ ಮೂವರು. ತಪ್ಪು ಮಾಡಿದವರನ್ನು ನೋಡುವುದಕ್ಕೆ ಇವರ ಮುಖಗಳಿಗೆ ಅಭ್ಯಾಸವಿಲ್ಲ ಎಂದು ಅವಳಿಗೆ ತೋರಿತು.

"ಮೊದಲು ಕೇಕು, ಆಮೇಲೆ ಮಾತು," ಎಂದು ಮೇಷ್ಟರು ಸಾರಿದರು. ವರ್ಷಕ್ಕೊಂದೇ ಸಲ, ವಾರ್ಷಿಕೋತ್ಸವದ ದಿನ, ಅವರ ಹೆಂಡತಿ ಮಾಡುವ ಕೇಕು. ಹಾಲಿಲ್ಲ, ಮೊಟ್ಟೆಯಿಲ್ಲ, ಬೆಣ್ಣೆಯಿಲ್ಲ. ಆದರೂ ಹತ್ತಿಯಂತೆ ಏಳುತ್ತದೆ, ತುಟಿ ತಾಗಿದರೆ ಕರಗುತ್ತದೆ. ಹೋದ ವರ್ಷ ಪುಸ್ತಕಗಳಿಗಿಂತ ಮೊದಲು ಅವಳನ್ನು ಗೆದ್ದದ್ದು ಅದೇ. ಇದೆಲ್ಲ ಬಿಟ್ಟರೂ ಇಷ್ಟು ಚೆನ್ನಾಗಿರುತ್ತದೆಂದರೆ ಮತ್ತೆ ಯಾವ ನೆಪ ಉಳಿಯಿತು ಎಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ತಟ್ಟೆ ಹಿಡಿದು ಕೂತು ಅಂದುಕೊಂಡಿದ್ದಳು. ಮೇಷ್ಟರು ಕೇಕಿನ ನಡುಬಿಂದು ಗುರುತಿಸಿ, ಎಲ್ಲ ತುಂಡಿಗೂ ಒಂದೇ ಕೋನ ಬರುವಂತೆ ಕೊಯ್ದರು. "ಜ್ಯಾಮಿತೀಲಿ ಪಕ್ಷಪಾತ ಇಲ್ಲ," ಎಂದರು. ಎಲ್ಲರಿಗೂ ಕೊಟ್ಟ ಮೇಲೆ ಕೊನೆಗೆ ತಮ್ಮದು, ಅದು ಅವರ ನಿಯಮ.

ಅವಳು ಒಂದು ಚೂರು ಬಾಯಿಗೆ ಹಾಕಿಕೊಂಡಳು. ಮೊದಲು ಸಕ್ಕರೆ. ಅದರ ಹಿಂದೆ ಕೊಬ್ಬು, ಆಮೇಲೆ ತೆಳು ಹುಳಿ. ಕೊನೆಗೆ ಹಳೇ ನಾಣ್ಯದ ಒಗರು. ಅವಳ ನಾಲಿಗೆ ಅವಳನ್ನು ಕೇಳದೆಯೇ ಅಂಕ ಕೊಟ್ಟುಬಿಟ್ಟಿತು. ಹಳದಿ ಪೊಟ್ಟಣ, ಅದೇ ಬ್ಯಾಚು. ಸುತ್ತ ಎಲ್ಲರೂ ಕಣ್ಣು ಮುಚ್ಚಿ ಅಗಿಯುತ್ತಿದ್ದರು. ದಾದಿ, "ಅಯ್ಯೋ, ಇದಕ್ಕೋಸ್ಕರ ವರ್ಷವಿಡೀ ಕಾಯ್ತೀನಿ ನಾನು" ಎಂದಳು. ಮೇಷ್ಟರು ಅವಳ ಕಡೆ ತಿರುಗಿ ಹುಬ್ಬೇರಿಸಿದರು: "ಹೇಗಿದೆ?" ಬಾಯಿ ತುಂಬಿತ್ತು. ಬೆಳಿಗ್ಗೆಯ ಕಿಂಡಿಯೇ ಮತ್ತೆ ತೆರೆದಂತಾಯಿತು. ಅವಳು ಈ ಸಲ ನುಂಗಲಿಲ್ಲ. ಕೈಯಿಂದ ನೀರು ಕುಡಿಯುವ ಸನ್ನೆ ಮಾಡಿ ಎದ್ದು ಅಡಿಗೆಮನೆಗೆ ನಡೆದಳು.

ತೊಟ್ಟಿಗೆ ಬಗ್ಗಿ ಉಗುಳಿ ಬಾಯಿ ಮುಕ್ಕಳಿಸಿ ತಲೆಯೆತ್ತಿದಾಗ ಮೇಷ್ಟರ ಹೆಂಡತಿ ಪಕ್ಕದಲ್ಲೇ ನಿಂತಿದ್ದರು, ಕೈಯಲ್ಲಿ ಒದ್ದೆ ತಟ್ಟೆ.

"ಕಲ್ಲು ಸಿಕ್ತೇನೇ?"

"ಇಲ್ಲಮ್ಮ."

"ಮತ್ತೆ?"

ಅವಳು ಕಾಗದದ ಲೋಟಕ್ಕೆ ನೀರು ತುಂಬಿಕೊಂಡಳು. ಕುಡಿದಳು. "ಬೆಣ್ಣೆ," ಎಂದಳು. ಅಷ್ಟು ಮೆಲ್ಲಗೆ ಹೇಳಿದರೂ ಅದು ಅಡಿಗೆಮನೆಯಲ್ಲಿ ಏನೋ ಬಿದ್ದಂತೆ ಕೇಳಿಸಿತು.

ಅವರು ತಟ್ಟೆ ಒರೆಸುವುದನ್ನು ಮುಂದುವರಿಸಿದರು. ಒಂದು ಮುಗಿಸಿ ಇನ್ನೊಂದು ಎತ್ತಿಕೊಂಡರು. "ಇಷ್ಟು ವರ್ಷ ಒಬ್ರಿಗೂ ಗೊತ್ತಾಗ್ಲಿಲ್ಲ. ಅವ್ರಿಗೇ ಗೊತ್ತಾಗ್ಲಿಲ್ಲ. ನಿಂದೇನು ನಾಲಿಗೆಯೋ ತಕ್ಕಡಿಯೋ." ಆಮೇಲೆ ದನಿ ತಗ್ಗಿಸಿ, "ಮೊದಲ್ನೇ ವರ್ಷ ಅವ್ರು ಹೇಳಿದ ಹಾಗೇ ಮಾಡಿದ್ದೆ ಕಣೇ. ಬಾಳೆಹಣ್ಣು, ಎಣ್ಣೆ, ಅದೇನೋ ಅಗಸೆ ಬೀಜ ನೆನೆಸಿ. ಇಟ್ಟಿಗೆ ಆಯ್ತು. ಬಂದೋರೆಲ್ಲ ಚೆನ್ನಾಗಿದೆ ಚೆನ್ನಾಗಿದೆ ಅಂತ ತಿಂದ್ರು, ಮುಂದಿನ ಸಲ ಒಂದು ನರಪಿಳ್ಳೇನೂ ಬರ್ಲಿಲ್ಲ. ಇವ್ರು ಕುರ್ಚಿ ಎಲ್ಲ ಹೀಗೇ ಜೋಡಿಸಿ, ಪುಸ್ತಕ ತೊಡೆ ಮೇಲಿಟ್ಕೊಂಡು ಒಬ್ರೇ ಕೂತಿದ್ರು. ಎದ್ದು ಬನ್ನಿ ಅಂದ್ರೆ, ಇನ್ನೂ ಸ್ವಲ್ಪ ನೋಡೋಣ ಅಂದ್ರು. ಆ ಮುಖ ಇನ್ನೊಂದ್ಸಲ ನೋಡೋಕೆ ನನ್ನ ಕೈಲಾಗಲ್ಲ."

"ಅವ್ರೂ ತಿಂತಾರಲ್ಲಮ್ಮ."

"ತಿಂತಾರೆ. ವರ್ಷಕ್ಕೊಂದು ತುಂಡು." ಅವರು ಅವಳ ಮುಖವನ್ನೇ ನೋಡಿದರು. "ಹೇಳ್ತೀಯಾ?"

ಅವಳಿಗೆ ಇದಕ್ಕೂ ಬಸ್ಸು ಬೇಕಿತ್ತು. ನಡುಮನೆಯಿಂದ ಚಪ್ಪಾಳೆ ಕೇಳಿಸಿತು. "ಎಲ್ಲಿ ನಮ್ಮ ಮಾತುಗಾರ್ತಿ?" ಎಂದು ಮೇಷ್ಟರು ಕೂಗುತ್ತಿದ್ದರು. ಅವಳು ಖಾಲಿ ಕಾಗದದ ಲೋಟ ಹಿಡಿದುಕೊಂಡೇ ಹೊರಗೆ ಬಂದಳು. ಕುರ್ಚಿಗಳ ಚಾಪದ ಎದುರು, ಸರಿಯಾಗಿ ಕೇಂದ್ರದಲ್ಲಿ, ನಿಂತಳು.

ಮೊದಲ ವಾಕ್ಯ ಬಾಯಲ್ಲಿ ಸಿದ್ಧವಾಗಿತ್ತು. ಅದನ್ನು ನಾಲಿಗೆಯ ಮೇಲೆ ಒಮ್ಮೆ ಉರುಳಿಸಿ ನೋಡಿದಳು. ಮುಂದಿದ್ದ ಮುಖಗಳು ಆಗಲೇ ನಗುಮುಖ ಮಾಡಿಕೊಂಡು ಕಾಯುತ್ತಿದ್ದವು, ಸಣ್ಣ ಮಗು ಪದ್ಯ ಹೇಳಲು ಎದ್ದು ನಿಂತಾಗ ಕಾಯುವಂತೆ.

"ನಾನು ಹಾಲಿನ ಕಾರ್ಖಾನೇಲಿ ಕೆಲಸ ಮಾಡೋದು," ಎಂದಳು. "ಹಾಲು ರುಚಿ ನೋಡೋದು. ನೋಡಿ ಉಗುಳ್ತೀನಿ. ಉಗುಳಿದ್ರೆ ಲೆಕ್ಕ ಇಲ್ಲ ಅಂದ್ಕೊಂಡಿದ್ದೆ." ಕಾಲೇಜಿನವರಲ್ಲಿ ಒಬ್ಬ ತಮಾಷೆಯೆಂದು ನಕ್ಕು, ಉಳಿದವರು ನಗದಿದ್ದದ್ದನ್ನು ನೋಡಿ ನಿಲ್ಲಿಸಿದ. "ಇವತ್ತು ಬೆಳಿಗ್ಗೆ ನುಂಗಿಬಿಟ್ಟೆ. ಯಾರೋ ಮಾತಾಡಿಸಿದ್ರು, ಮರ್ಯಾದೆಗೆ ನುಂಗಿದೆ. ಅದು… ಚೆನ್ನಾಗಿತ್ತು. ಅಷ್ಟೇ. ಒಂದು ವರ್ಷ ಒಂದು ಹನೀನೂ ಇಲ್ಲ ಅಂತ ಹೇಳ್ಬೇಕು ಅಂತ ಬರ್ಕೊಂಡಿದ್ದೆ, ಅದನ್ನ ಹೇಳೋಕಾಗಲ್ಲ ಈಗ." ದನಿ ನಡುಗುತ್ತಿಲ್ಲವಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು; ಬೇರೆ ಯಾರದೋ ಬಟ್ಟಲಿಗೆ ಅಂಕ ಓದುತ್ತಿರುವಂತಿತ್ತು. "ಕರುವಿನ ಮೂಗಿನ ಬಳೆ ಚಿತ್ರ ನೋಡಿ ಹಾಲು ಬಿಟ್ಟೆ ಅಂತ ಕೇಳಿದೋರಿಗೆ ಹೇಳ್ತಿದ್ದೆ. ಅದೂ ನಿಜ. ಆದ್ರೆ ಅದಕ್ಕೂ ಮುಂಚೆ ಇಲ್ಲಿ, ಆ ಕುರ್ಚೀಲಿ ಕೂತು, ಕೇಕ್ ತಿಂದಿದ್ದೆ. ಏನೂ ಕಳ್ಕೊಳ್ಳಲ್ಲ ಅಂತ ಅನ್ನಿಸ್ತು. ಅದಕ್ಕೇ ಧೈರ್ಯ ಬಂತು."

ಅಲ್ಲಿಗೆ ನಿಲ್ಲಿಸಿದಳು. ಮುಂದಿನದನ್ನು ಹೇಳಲೆಂದು ನಿಲ್ಲಿಸಿದಳೋ, ಹೇಳದಿರಲೆಂದೋ, ಅವಳಿಗೇ ತಿಳಿಯಲಿಲ್ಲ. ಅಡಿಗೆಮನೆಯ ಬಾಗಿಲ ಕಡೆ ನೋಡಬಾರದೆಂದು ಎದುರಿನ ಗೋಡೆಯ ಮೇಲೊಂದು ಮೊಳೆ ಹುಡುಕಿಕೊಂಡು ಅದನ್ನೇ ನೋಡುತ್ತಿದ್ದಳು. ದಾದಿ ಮರುಕದಿಂದ ಏನೋ ಹೇಳಹೊರಟಳು, "ಒಂದು ಗುಟುಕಿಗೆಲ್ಲ ಯಾಕಮ್ಮಾ ಅಷ್ಟು…"

"ಕೇಕಿಗೆ ಬೆಣ್ಣೆ ಹಾಕಿದೀನಿ," ಎಂದರು ಮೇಷ್ಟರ ಹೆಂಡತಿ ಬಾಗಿಲಲ್ಲಿ ನಿಂತು. ಒರೆಸುವ ಬಟ್ಟೆ ಇನ್ನೂ ಕೈಯಲ್ಲಿತ್ತು. "ಈ ವರ್ಷ ಅಷ್ಟೇ ಅಲ್ಲ. ಮೊದಲ್ನೇ ವರ್ಷ ಬಿಟ್ಟು ಎಲ್ಲಾ ವರ್ಷಾನೂ."

ದರ್ಜಿ ತನ್ನ ತಟ್ಟೆಯನ್ನು ನೆಲದ ಮೇಲಿಟ್ಟು ಕಾಲಿನಿಂದ ಚೂರು ದೂರ ತಳ್ಳಿದ. ಯಾರೋ ಕರವಸ್ತ್ರಕ್ಕೆ ಕೆಮ್ಮಿದರು. ಕುರ್ಚಿಯೊಂದು ಕಿರಗುಟ್ಟಿ ಚಾಪದಿಂದ ಹೊರಗೆ ಜರುಗಿತು. ಮೇಷ್ಟರು ತಮ್ಮ ತುಂಡನ್ನು ಆಗಷ್ಟೇ ಶುರುಮಾಡಿದ್ದರು. ಬಾಯಿ ತುಂಬಿತ್ತು, ಅಗಿಯುವುದು ನಿಂತಿತ್ತು, ಒಂದು ಕೆನ್ನೆ ಉಬ್ಬಿ ಚಿಕ್ಕ ಹುಡುಗನಂತೆ ಕಾಣುತ್ತಿದ್ದರು. ಅವರ ಕಣ್ಣು ಏನನ್ನೋ ಹುಡುಕಿತು: ಕಿಟಕಿ, ಕರವಸ್ತ್ರ, ತಟ್ಟೆಯ ಅಂಚು. ಆ ನೋಟ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರು ಗೂಡಿನಲ್ಲಿ ಮೊದಲ ದಿನ ಹೀಗೇ ಹುಡುಕುತ್ತಾರೆ. ಅವಳ ಕೈ ತಾನಾಗಿ ಮುಂದೆ ಹೋಯಿತು. ಹೊಸಬರಿಗೆ ಕೊಡುವಂತೆಯೇ, ಗಲ್ಲದ ಎತ್ತರಕ್ಕೆ, ಕಾಗದದ ಲೋಟ ಹಿಡಿದಳು.

ಮೇಷ್ಟರು ಲೋಟವನ್ನು ನೋಡಿದರು. ಬಾಗಿಲಲ್ಲಿದ್ದ ಹೆಂಡತಿಯನ್ನು ನೋಡಿದರು. ಆಮೇಲೆ ನುಂಗಿದರು. ಒಣಗಿದ ಗಂಟಲಲ್ಲಿ ಅದು ಏರಿ ಇಳಿದದ್ದು ಅಲ್ಲಿದ್ದ ಎಲ್ಲರಿಗೂ ಕಂಡಿತು.

ಅವಳ ಕೈಯಿಂದ ಲೋಟ ತೆಗೆದುಕೊಂಡು, ಹೆಂಡತಿಯ ಕಡೆಗೆ ಚಾಚಿ, "ಸ್ವಲ್ಪ ನೀರು ಹಾಕು," ಎಂದರು.

ಅವಳ ಕೈ ಇನ್ನೂ ಅದೇ ಎತ್ತರದಲ್ಲಿತ್ತು, ಬೆರಳುಗಳು ಲೋಟದ ಸುತ್ತಳತೆಯಲ್ಲೇ ಬಾಗಿಕೊಂಡು.